ಬಳಪ ತಿನ್ನುವ ಪಿಟಿ ಮಿಸ್

"ಬಳಪ ಇದೆಯಾ?" ಅಂತ ಕೇಳಬೇಕಿತ್ತು, ಎರಡೇ ಮಾತು. ಆದರೆ ನಮ್ಮ ಶಾಲೆಯಿಂದ ಅಭಿಲಾಷ್ ಅಂಗಡಿಗೆ ಒಂದು ಏರು ಹತ್ತಬೇಕು. ಹತ್ತಿ ಬಂದವಳ ಗಂಟಲಲ್ಲಿ ಉಸಿರಿಗೇ ಜಾಗ ಸಾಲುತ್ತಿರಲಿಲ್ಲ, ಇನ್ನು ಮಾತಿಗೆ ಎಲ್ಲಿಂದ ಬರಬೇಕು. ಪೆನ್ನಿನ ಡಬ್ಬಿಗಳನ್ನ ನೋಡುವವಳ ಹಾಗೆ ನಿಂತುಕೊಂಡೆ. ಎದೆ ಡವಡವ ಅನ್ನುತ್ತಿತ್ತು, ಕಿವಿಯೊಳಗೂ ಅದೇ ಸದ್ದು.

ಅಭಿಲಾಷ್ ಜೆರಾಕ್ಸ್ ಮಿಷನ್ನಿನ ಮುಚ್ಚಳ ಹಾಕಿ ನನ್ನ ಕಡೆ ನೋಡಿದ. ನೋಡಿ, ಬೇಗನೆ ಛತ್ರಿಗಳ ಕಡೆ ತಿರುಗಿದ. ಆಮೇಲೆ ಧೈರ್ಯ ಮಾಡಿ ಮತ್ತೆ ನೋಡಿದ. ನಗು ಬರೋ ಮುಂಚೆ ಅವನ ಎಡಗಡೆ ಹುಬ್ಬು ಮಾತ್ರ ಸ್ವಲ್ಪ ಮೇಲೆ ಹೋಗುತ್ತೆ. ಅದನ್ನ ನಾನು ಗಮನಿಸಿಲ್ಲ ಅಂತ ಅವನು ಅಂದುಕೊಂಡಿದ್ದ.

"ಬಳಪ ತಾನೇ ಮಿಸ್?"

ತಲೆ ಆಡಿಸಿದೆ.

"ಮೊನ್ನೆ ತಾನೇ ಒಂದು ಬಾಕ್ಸ್ ತಗಂಡೋದ್ರಿ."

"ಮುಗೀತು."

"ನಿಮ್ ಸ್ಕೂಲಲ್ಲಿ ಇನ್ನೂ ಸ್ಲೇಟ್ ಐತಾ? ನಾನು ಎಲ್ಲ ಟ್ಯಾಬ್ ಆಗ್ಬುಟ್ಟಿದೆ ಅಂತ ತಿಳ್ಕಂಡಿದ್ದೆ."

"ಗೆರೆ ಎಳೆಯೋಕೆ," ಅಂದೆ. ಮಧ್ಯದಲ್ಲಿ ಒಂದು ಉಸಿರು ಎಳೆದುಕೊಂಡೆ. "ಸಿಮೆಂಟ್ ಅಂಗಳದಲ್ಲಿ. ಮಳೆಗಾಲದಲ್ಲಿ ಮಕ್ಕಳನ್ನ ಅಲ್ಲೇ ಆಡಿಸ್ತೀವಿ."

ಶುದ್ಧ ಸುಳ್ಳು. ಅಂಗಳಕ್ಕೆ ಪೇಂಟಿನ ಗೆರೆ ಹೊಡೆಸಿ ವರ್ಷವಾಗಿತ್ತು. ಅವನು ನಂಬಿದನೋ, ನಂಬಿದ ಹಾಗೆ ಮಾಡಿದನೋ, ಸ್ಟೂಲ್ ಎಳೆದು ಈಚೆ ಇಟ್ಟ. "ಕೂತ್ಕಳಿ" ಅಂದ. ಫ್ಲಾಸ್ಕಿನಿಂದ ಸ್ಟೀಲ್ ಲೋಟಕ್ಕೆ ಕಾಫಿ ಬಗ್ಗಿಸಿದ. ಅವರಮ್ಮ ಮನೆಯಿಂದ ಕಳಿಸುವ ಕಾಫಿ ಅದು, ಅವನ ಪಾಲಿನದು. ನಾನು ಮಧ್ಯಾಹ್ನದ ಊಟ ಮುಗಿಸಿ ನೇರ ಅಲ್ಲಿಗೇ ಬರುತ್ತಿದ್ದೆ, ದಿನಾ ಅದನ್ನ ಕುಡಿಯುತ್ತಿದ್ದೆ.

"ಸಕಲೇಶಪುರದಲ್ಲಿ ಬಳಪ ಸಿಗ್ಲಿಲ್ಲ ಮಿಸ್. ಹಾಸನಕ್ಕೇ ಹೋಗಿ ತಂದೆ."

"ಅಷ್ಟು ದೂರ ಯಾಕೆ ಹೋದ್ರಿ?"

"ನೀವು ಕೇಳ್ತೀರಲ್ಲ," ಅಂದು ಲೋಟದ ಕಡೆ ನೋಡಿಕೊಂಡು ನಿಂತ. ಅವನ ಕಿವಿ ಕೆಂಪಾಗಿತ್ತು. ನನಗೂ ನಾಚಿಕೆಯಾಯಿತು, ಆದರೆ ಅವನು ಅಂದುಕೊಂಡ ನಾಚಿಕೆ ಅಲ್ಲ ಅದು. ಅವನ ಕಣ್ಣು ನನ್ನ ಮೇಲಿತ್ತು, ನನ್ನ ಕಣ್ಣು ಬಾಕ್ಸಿನ ಮೇಲಿತ್ತು.

ಯಾಕಂದ್ರೆ ಆ ಬಳಪವನ್ನ ನಾನು ತಿನ್ನುತ್ತಿದ್ದೆ.

ಹೌದು, ತಿನ್ನುತ್ತಿದ್ದೆ. ಮುಖ ಕಿವುಚಬೇಡಿ. ಬಾಕ್ಸ್ ಬಿಚ್ಚಿದ ಕೂಡಲೇ ಬರುವ ಆ ತಣ್ಣನೆ ಮಣ್ಣಿನ ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಆಟದ ಸಾಮಾನಿನ ಕೋಣೆಯ ಬಾಗಿಲು ಹಾಕಿಕೊಂಡು, ವಾಲಿಬಾಲ್ ಬಲೆಯ ಹಿಂದೆ ಕೂತು, ಕಟಕಟ ಅಂತ ಕಡಿಯುತ್ತಿದ್ದೆ. ತಿಂದು ಮುಗಿಸಿ ಬಾಯಿ ಮುಕ್ಕಳಿಸುವಾಗ ನನ್ನ ಮೇಲೆ ನನಗೇ ಹೇಸಿಗೆ. ಇನ್ನು ಮುಟ್ಟಲ್ಲ ಅಂತ ಆಣೆ ಹಾಕುತ್ತಿದ್ದೆ. ಮಾರನೇ ದಿನ ಮತ್ತೆ ಏರು ಹತ್ತುತ್ತಿದ್ದೆ.

ಬಳಪ ಒಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ನಾನು ಪಿಟಿ ಮಿಸ್. ಕಾಲೇಜಿನಲ್ಲಿ ಓಟಕ್ಕೆ ಕಪ್ ತಂದವಳು. ಈಗ ಮಕ್ಕಳಿಗೆ ಗ್ರೌಂಡ್ ಸುತ್ತು ಹಾಕಿ ಅಂತ ಸೀಟಿ ಊದಿ, ಆ ಊದಿದ್ದಕ್ಕೇ ಸುಸ್ತಾಗಿ ಕಂಬ ಹಿಡಿದು ನಿಲ್ಲುತ್ತಿದ್ದೆ. ಏರಿನ ಅರ್ಧದಲ್ಲಿ ಒಂದು ಮೋರಿ ಇದೆ. ಅಲ್ಲಿ ಶೂ ಲೇಸ್ ಕಟ್ಟುವ ನೆಪದಲ್ಲಿ ಕೂರುತ್ತಿದ್ದೆ. ಲೇಸ್ ಯಾವತ್ತೂ ಬಿಚ್ಚಿರುತ್ತಿರಲಿಲ್ಲ. ತಿಂಗಳ ಮುಟ್ಟು ವಾರ ದಾಟಿದರೂ ನಿಲ್ಲುತ್ತಿರಲಿಲ್ಲ, ಅದನ್ನ ಯಾರ ಹತ್ತಿರ ಹೇಳೋದು. "ನಮ್ಮ ಮನೆ ಹೆಣ್ಣುಮಕ್ಕಳಿಗೆಲ್ಲ ಹಂಗೇ" ಅಂತ ಅಮ್ಮ ಹಿಂದೆ ಅಂದಿದ್ದಳು. ಅಲ್ಲಿಗೆ ಆ ಮಾತು ಮುಗಿದಿತ್ತು.

ಇಷ್ಟರ ನಡುವೆ ಆ ಸ್ಟೂಲ್ ಮೇಲೆ ಕೂತಾಗ ಮಾತ್ರ ಸುಖ ಅನ್ನಿಸುತ್ತಿತ್ತು. ಅದು ಕೂತದ್ದಕ್ಕೋ, ಬಳಪ ಕೈಗೆ ಬಂದದ್ದಕ್ಕೋ, ಅವನು ಎದುರಿಗೆ ಇದ್ದದ್ದಕ್ಕೋ ಅಂತ ನಾನು ಯೋಚಿಸಿರಲಿಲ್ಲ.

ಜುಲೈ ಕೊನೆಗೆ ಊರಿನ ಯುವಕರು ಕೆಸರುಗದ್ದೆ ಕ್ರೀಡಾಕೂಟ ಇಟ್ಟರು. ಉತ್ತು ನೀರು ನಿಲ್ಲಿಸಿದ ಗದ್ದೆಯಲ್ಲಿ ಓಟ, ಹಗ್ಗಜಗ್ಗಾಟ, ಬಿದ್ದವರನ್ನ ನೋಡಿ ನಗೋದು. ನಮ್ಮ ಶಾಲೆಯಲ್ಲಿ ಕನ್ನಡ ಪಾಠ ಮಾಡುವ ಪುಷ್ಪಾ ನನ್ನನ್ನ ಒಂದು ಮಾತೂ ಕೇಳದೆ ಹೆಂಗಸರ ಓಟಕ್ಕೆ ಹೆಸರು ಬರೆಸಿಬಿಟ್ಟಿದ್ದಳು. "ಪಿಟಿ ಮಿಸ್ ಓಡ್ದೆ ಇನ್ಯಾರೇ ಓಡ್ಬೇಕು?" ಅಂದಳು. ಆಗಲ್ಲ ಅನ್ನಬಹುದಿತ್ತು. ಆಗಲ್ಲ ಅಂದರೆ ಯಾಕೆ ಅಂತ ಕೇಳುತ್ತಾರಲ್ಲ, ಅದಕ್ಕೆ ಹೂಂ ಅಂದೆ.

ಮೈಕ್ ಹಿಡಿದವನು ಅಭಿಲಾಷ್. "ಈಗ ನಮ್ಮೂರ ರಶ್ಮಿತಾ ಮಿಸ್ ಓಡ್ತಾರೆ, ಕಣ್ಣು ಮಿಟುಕಿಸ್ಬೇಡಿ, ಮಿಸ್ ಆಗ್ಬುಡ್ತದೆ" ಅಂತ ನಗಿಸಿದ. ನಾನು ಅವನ ಕಡೆ ನೋಡಿದೆ. ಮೈಕ್ ಕೆಳಗಿಳಿಸಿ, ತುಟಿಯಲ್ಲಿ ಮಾತ್ರ "ಗೆಲ್ಲಿ" ಅಂದ.

ಮೊದಲ ಹತ್ತು ಹೆಜ್ಜೆ ಹಳೇ ರಶ್ಮಿತಾಳೇ ಓಡಿದಳು. ಆಮೇಲೆ ತೊಡೆಯೊಳಗೆ ಖಾರದಪುಡಿ ಹಾಕಿದ ಹಾಗೆ ಉರಿ ಶುರುವಾಯಿತು. ಎಷ್ಟು ಬಾಯಿ ತೆರೆದರೂ ಗಾಳಿ ಸಾಲಲಿಲ್ಲ. ಕಾಲು ನನ್ನದಲ್ಲ ಅನ್ನಿಸಿತು. ಮುಂದೆ ಓಡುತ್ತಿದ್ದವರ ಬೆನ್ನು ಮಸುಕಾಯಿತು, ಕೆಸರು ಮುಖಕ್ಕೆ ಬಂತು.

ಕಣ್ಣು ಬಿಟ್ಟಾಗ ಹುಲಿಯಮ್ಮನ ತೊಡೆ ಮೇಲಿದ್ದೆ. ಹುಲಿಯಮ್ಮ ಅಂದರೆ ನಾನು ಬಾಡಿಗೆಗಿರುವ ರೂಮಿನ ಯಜಮಾನಿ, ಮನಸ್ಸು ಚಿನ್ನ, ಬಾಯಿ ಮಾತ್ರ ಸಡಿಲ. ಟ್ರ್ಯಾಕ್ ಪ್ಯಾಂಟಿನ ಜೇಬಿಂದ ಬಿದ್ದಿದ್ದ ಬಳಪದ ಚೂರುಗಳು ಕೆಸರಿನ ಮೇಲೆ ಬೆಳ್ಳಗೆ ಎದ್ದು ಕಾಣುತ್ತಿದ್ದವು. ಹುಲಿಯಮ್ಮ ಒಂದನ್ನ ಎತ್ತಿ, ಹಲ್ಲಿನ ಗುರುತು ನೋಡಿದಳು.

"ಬಳಪ ತಿಂತಿದ್ದೀಯೇನೇ ಕೂಸೇ? ಎಷ್ಟ್ ತಿಂಗ್ಳಾಯ್ತೇ?"

ಆ ಮಾತು ಗದ್ದೆಯ ನಾಲ್ಕೂ ಮೂಲೆಯಿಂದ ನನಗೆ ವಾಪಸ್ ಕೇಳಿಸಿತು. ನನ್ನನ್ನ ಎತ್ತಲು ಓಡಿ ಬಂದು ಬಗ್ಗಿದ್ದ ಅಭಿಲಾಷನ ಕೈಯಲ್ಲಿ ಕಾರ್ಡ್‌ಲೆಸ್ ಮೈಕ್ ಇತ್ತು. ಮೈಕ್ ಆನ್ ಇತ್ತು.

ನಮ್ಮ ಕಡೆ ಬಸುರಿಯರು ಬೂದಿ ತಿನ್ನುತ್ತಾರೆ, ಗೋಡೆ ಮಣ್ಣು ಕೆರೆದು ತಿನ್ನುತ್ತಾರೆ, ಬಳಪ ಕಡಿಯುತ್ತಾರೆ. ಬಯಕೆ ಅಂತ ಎಲ್ಲರೂ ನಗುತ್ತಾರೆ. ಮದುವೆಯಾಗದವಳ ಜೇಬಲ್ಲಿ ಬಳಪ ಸಿಕ್ಕರೆ ಯಾರೂ ನಗಲ್ಲ. ಅಭಿಲಾಷ್ ಮೈಕಿನ ಸ್ವಿಚ್ಚಿಗೆ ತಡಕಾಡಿದ. ನಂತರ ಹುಲಿಯಮ್ಮನ ಕೈಯಲ್ಲಿದ್ದ ಬಳಪ ನೋಡಿದ, ಅವನೇ ಹಾಸನದಿಂದ ತಂದದ್ದು. ನನ್ನ ಮುಖ ನೋಡಲಿಲ್ಲ. ಎದ್ದು ಹೋದ.

ಆ ವಾರ ನಾನು ಸತ್ತರೆ ವಾಸಿ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಹೆಡ್‌ಮಾಸ್ಟ್ರು "ಸ್ವಲ್ಪ ದಿನ ರಜ ತಗೊಳ್ಳಿ, ಪೇರೆಂಟ್ಸ್ ಕೇಳ್ತಿದ್ದಾರೆ" ಅಂದರು. ಹಾಲು ತರೋಕೆ ಹೋದರೆ ಹೆಂಗಸರ ಕಣ್ಣು ನನ್ನ ಹೊಟ್ಟೆ ಮೇಲೆ. ಕೊನೆಗೆ ಪುಷ್ಪಾನೇ ಬಂದು, "ನೀನೇನಾದ್ರೂ ಆಗಿರು, ನಂಗೆ ಹೇಳ್ಬೇಡ, ಡಾಕ್ಟ್ರಿಗೆ ಹೇಳು ನಡಿ" ಅಂತ ಸಕಲೇಶಪುರದ ಬಸ್ ಹತ್ತಿಸಿದಳು.

ಡಾಕ್ಟರ್ ಗರ್ಟ್ರೂಡ್‌ಗೆ ವಯಸ್ಸಾಗಿದೆ, ಗದರುವ ಅಭ್ಯಾಸ. ರಕ್ತ ಪರೀಕ್ಷೆ ಮಾಡಿಸಿ, ನನ್ನ ಕೆಳರೆಪ್ಪೆ ಎಳೆದು ನೋಡಿ, ಮೊದಲು ಬೈದರು. "ನಿನ್ನಲ್ಲಿರಬೇಕಾದ ರಕ್ತದಲ್ಲಿ ಅರ್ಧ ಇದೆ ಅಷ್ಟೇ. ಇದನ್ನ ಇಟ್ಕೊಂಡು ಕೆಸರಲ್ಲಿ ಓಡಿದ್ಯಾ?"

"ಸೋಮಾರಿತನ ಅಂದ್ಕೊಂಡಿದ್ದೆ ಡಾಕ್ಟ್ರೇ."

"ಸೋಮಾರಿತನ ಅಲ್ಲಮ್ಮ, ಕಬ್ಬಿಣ ಇಲ್ಲ. ರಕ್ತದಲ್ಲಿ ಗಾಳಿ ಹೊತ್ಕೊಂಡು ಹೋಗೋಕೂ ಕಬ್ಬಿಣ ಬೇಕು, ಆ ಗಾಳಿನ ತೊಡೆ ಮಾಂಸದೊಳಗೆ ಹಿಡಿದಿಟ್ಕೊಳ್ಳೋಕೂ ಕಬ್ಬಿಣ ಬೇಕು. ಉಂಡ ಅನ್ನ ಮಾಂಸಖಂಡದೊಳಗೆ ಚೆನ್ನಾಗಿ ಉರಿದು ಶಕ್ತಿ ಆಗ್ಬೇಕು ಅಂದ್ರೂ ಅದೇ ಬೇಕು. ಇಲ್ಲದಿದ್ರೆ ಹಸಿ ಸೌದೆ ಒಲೆಗಿಟ್ಟ ಹಾಗೆ, ಬರೀ ಹೊಗೆ. ಗಾಳಿ ಸಾಲದೆ ಕೆಲಸ ಮಾಡಿದ ಖಂಡದಲ್ಲಿ ಹುಳಿ ತುಂಬ್ಕೊಳುತ್ತೆ. ಅದಕ್ಕೇ ಬೇಗ ಉರಿ, ಬೇಗ ಸುಸ್ತು."

"ಬಳಪ?" ಅಂದೆ, ನೆಲ ನೋಡಿಕೊಂಡು.

"ಅದೂ ಇದರದ್ದೇ. ಕಬ್ಬಿಣ ಕಮ್ಮಿಯಾದವರಿಗೆ ಮಣ್ಣು, ಅಕ್ಕಿ, ಬಳಪ ಅಂತ ನಾಲಿಗೆ ಎಳೆಯುತ್ತೆ. ಬಸುರಿಯರು ತಿನ್ನೋದೂ ಎಷ್ಟೋ ಸಲ ಇದಕ್ಕೇ. ನಿನ್ನಂಥೋರು ಎಷ್ಟು ಜನ ಬಂದಿದ್ದಾರೆ ಇಲ್ಲಿ, ಎಲ್ಲರೂ ಹೀಗೇ ನೆಲ ನೋಡ್ತಾರೆ."

ನನಗೆ ಅಳು ಬಂತು. ಹುಚ್ಚು ಅಲ್ಲ, ಕೆಟ್ಟ ಚಟ ಅಲ್ಲ, ಅದಕ್ಕೊಂದು ಕಾರಣ ಇದೆ ಅಂತ ಗೊತ್ತಾದ ಅಳು ಅದು. ಮುಟ್ಟಿನ ವಿಷಯವನ್ನೂ ಹೇಳಿದೆ. ಅದಕ್ಕೆ ಸ್ಕ್ಯಾನ್ ಮಾಡಿಸಿದರು, ಬೇರೆ ಮಾತ್ರೆ ಕೊಟ್ಟರು. ಕಾಫಿ ಎಷ್ಟು ಸಲ ಅಂದರು. ಊಟದ ಹಿಂದೆಯೇ ಕಾಫಿ ಕುಡಿದರೆ ಊಟದ ಕಬ್ಬಿಣ ಮೈಗೆ ಹತ್ತಲ್ಲ ಅಂದರು. ಅಭಿಲಾಷನ ಸ್ಟೀಲ್ ಲೋಟ ಕಣ್ಣ ಮುಂದೆ ಬಂತು.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ. "ಡಾಕ್ಟ್ರೇ, ಎದೆ ಡವಡವ ಅನ್ನೋದು, ರಾತ್ರಿ ನಿದ್ದೆ ಬರದೆ ಇರೋದು, ಮಾತು ನಿಂತುಹೋಗೋದು?"

"ಅದೂ ಅದರದ್ದೇ. ಮಾತ್ರೆ ತಗೋ, ಎಲ್ಲ ಹೋಗುತ್ತೆ," ಅಂದರು.

ಬಸ್ಸಿನಲ್ಲಿ ಪುಷ್ಪಾ ಸಮಾಧಾನ ಹೇಳುತ್ತಲೇ ಇದ್ದಳು. ನನಗೆ ಮಾತ್ರ ಆ ಒಂದು ಮಾತು ಒಳಗೇ ಚುಚ್ಚುತ್ತಿತ್ತು. ಹಾಗಾದರೆ ಪ್ರೀತಿ ಅಂದುಕೊಂಡದ್ದೂ ರಕ್ತ ಇಲ್ಲದ್ದಕ್ಕೇ. ಎಲ್ಲ ಹೋಗುತ್ತೆ ಅಂದರಲ್ಲ, ಅದೂ ಹೋಗುತ್ತಾ?

ಮಾರನೇ ದಿನ ಬೆಳಗ್ಗೆ ಅಭಿಲಾಷ್ ಬಂದ. ಇಸ್ತ್ರಿ ಹಾಕಿದ ಶರ್ಟು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಜಗಲಿಯಲ್ಲಿ ಹುಲಿಯಮ್ಮ ಸೊಪ್ಪು ಬಿಡಿಸುತ್ತಿದ್ದಳು, ಅವಳನ್ನ ಕಂಡು ಒಂದು ಕ್ಷಣ ಅಲ್ಲೇ ನಿಂತ. ನಾನು ಬಾಗಿಲಿಗೆ ಬಂದೆ.

"ಮಿಸ್, ಯಾರ್ದು ಅಂತ ನಾನ್ ಕೇಳಲ್ಲ."

"ಏನು ಯಾರದ್ದು?"

"ನಂದು ಅಂತ ಹೇಳ್ಬುಡಿ." ಬಾಳೆಹಣ್ಣನ್ನ ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಊರೋರ ಮುಂದೆ ನಾನೂ ಹೌದು ಅಂತೀನಿ. ಅಮ್ಮಂಗೂ ಹೇಳಿದ್ದೀನಿ. ಎರಡು ದಿನ ಊಟ ಬಿಟ್ಟಿದ್ರು. ಇವತ್ತು ಉಂಡ್ರು."

ಸೊಪ್ಪು ಬಿಡಿಸುವ ಸದ್ದು ನಿಂತಿತು.

ನನಗೆ ಮೊದಲು ಕೋಪ ಬಂತು. ಎಲ್ಲರ ಹಾಗೆ ಇವನೂ ನಂಬಿದನಲ್ಲ ಅಂತ. ಆಮೇಲೆ, ನಂಬಿಯೂ ಬಂದನಲ್ಲ ಅಂತ ಹೊಳೆಯಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳೋಕೆ ನನಗೆ ಬರಲಿಲ್ಲ.

"ಮೈಕ್ ಆಫ್ ಮಾಡದ ತಪ್ಪಿಗೆ ಮದುವೆ ಆಗ್ತೀರಾ?"

"ಅದಕ್ಕಲ್ಲ ಮಿಸ್."

"ಬನ್ನಿ ಇಲ್ಲಿ." ಬೆಳಕಿಗೆ ನಿಂತು, ಬೆರಳಿಂದ ಕೆಳರೆಪ್ಪೆ ಎಳೆದು ತೋರಿಸಿದೆ. "ನೋಡಿ. ಒಳಗೆ ಕೆಂಪಿದೆಯಾ?"

ಅವನು ಗಾಬರಿಯಿಂದ ಬಗ್ಗಿದ. ಅಷ್ಟು ಹತ್ತಿರ ಯಾವತ್ತೂ ಬಂದಿರಲಿಲ್ಲ. ಅವನ ರೆಪ್ಪೆಗಳು ಉದ್ದ, ತುದಿಯಲ್ಲಿ ಸ್ವಲ್ಪ ಕಂದು. ಉಸಿರು ಬಿಗಿಹಿಡಿದು ನನ್ನ ಕಣ್ಣಿನೊಳಗೆ ನೋಡಿದ, ಕಾಲೇಜಿನ ಯಾವ ಹುಡುಗನೂ ನನ್ನನ್ನ ಹಾಗೆ ನೋಡಿರಲಿಲ್ಲ, ಅದೂ ರಕ್ತ ಇದೆಯಾ ಇಲ್ಲವಾ ಅಂತ.

"ಬೆಳ್ಳಗೈತೆ," ಅಂದ.

"ರಕ್ತ ಇಲ್ಲ. ಮಗುನೂ ಇಲ್ಲ. ಮೈಯಲ್ಲಿ ಕಬ್ಬಿಣ ಇಲ್ಲದವರು ಬಳಪ ತಿಂತಾರಂತೆ, ಓಡಿದ್ರೆ ಬೀಳ್ತಾರಂತೆ. ಅಷ್ಟೇ."

ಅವನ ಮುಖ ಕಪ್ಪಿಟ್ಟಿತು. ಕುಸಿದು ಮೆಟ್ಟಿಲ ಮೇಲೆ ಕೂತ. "ಥೂ, ಎಂಥಾ ಮಾತಾಡ್ಬುಟ್ಟೆ ಮಾರಾಯ," ಅಂತ ತನಗೆ ತಾನೇ ಅಂದುಕೊಂಡ. ಆಮೇಲೆ ತಲೆ ಎತ್ತಿದ. "ಹಂಗಾರೆ ನಾನೇ ನಿಮಗೆ ಬಳಪ ತಂದ್ ತಂದ್ ಕೊಟ್ಟೆ. ನೀವು ನನ್ನ ನೋಡಕ್ಕೆ ಬತ್ತೀರ ಅಂತ ತಿಳ್ಕಂಡಿದ್ದೆ."

ಇಲ್ಲಿ ಒಂದು ಸಿಹಿ ಸುಳ್ಳು ಹೇಳಬಹುದಿತ್ತು. ಆ ವಾರ ಸುಳ್ಳಿನಿಂದ ನಾನು ಸಾಕಷ್ಟು ಪೆಟ್ಟು ತಿಂದಿದ್ದೆ.

"ಬರ್ತಿದ್ದುದು ಬಳಪಕ್ಕೆ," ಅಂದೆ. "ನಿಮ್ಮನ್ನ ಕಂಡಾಗ ಎದೆ ಹೊಡ್ಕೊಳ್ತಿತ್ತು, ಅದು ನಿಜ. ಆದ್ರೆ ರಕ್ತ ಇಲ್ಲದವರಿಗೆ ಏರು ಹತ್ತಿದ್ರೂ ಹಾಗೇ ಹೊಡ್ಕೊಳುತ್ತಂತೆ. ಯಾವುದು ಯಾವುದು ಅಂತ ನನಗೇ ಗೊತ್ತಿಲ್ಲ."

ಅವನಿಗೆ ನೋವಾಯಿತು, ಅದನ್ನ ಮುಚ್ಚಿಡಲಿಲ್ಲ. ಬಾಳೆಹಣ್ಣನ್ನ ಮೆಟ್ಟಿಲ ಮೇಲಿಟ್ಟು ಎದ್ದ. "ಮೊದ್ಲು ಮೈಗೆ ಕಬ್ಬಿಣ ತುಂಬ್ಲಿ ಮಿಸ್. ಆಮೇಲೆ ಗೊತ್ತಾಯ್ತದೆ. ಗೊತ್ತಾದ್ಮೇಲೆ ಇಲ್ಲ ಅಂದ್ರೂ ಪರವಾಗಿಲ್ಲ, ಬಂದು ಹೇಳಿ." ಬೇಲಿ ದಾಟುವ ತನಕ ತಿರುಗಿ ನೋಡಲಿಲ್ಲ.

ಹುಲಿಯಮ್ಮ ಅವತ್ತಿಡೀ ಮಾತಾಡಲಿಲ್ಲ. ಸಂಜೆ ನುಗ್ಗೆಸೊಪ್ಪಿನ ಪಲ್ಯ, ಹೆಸರುಕಾಳು ತಂದಿಟ್ಟು, ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ ನಾಲ್ಗೆಗೆ ಬರೆ ಹಾಕ್ಬೇಕು ಕಣೇ," ಅಂದಳು. ಮಾರನೇ ದಿನದಿಂದ ಅದೇ ನಾಲಿಗೆಯಲ್ಲಿ ಮನೆಮನೆಗೂ ಹೋಗಿ "ಕೂಸಿಗೆ ರಕ್ತ ಇಲ್ಲ ಕಣ್ರೇ" ಅಂತ ಸಾರಿದಳು. ಕೆಲವರು ನಂಬಿದರು. ಉಳಿದವರು ನನ್ನ ಹೊಟ್ಟೆ ಬರೋದನ್ನ ಕಾದರು. ತಿಂಗಳು ತಿಂಗಳಿಗೂ ಅದು ಹಾಗೇ ಚಪ್ಪಟೆ ಇದ್ದದ್ದು ನೋಡಿ ಅವರಿಗೆ ಸ್ವಲ್ಪ ಬೇಜಾರೇ ಆಗಿರಬೇಕು.

ಮಾತ್ರೆಯ ಕಥೆ ಏನೂ ಚಂದ ಇಲ್ಲ. ಹೊಟ್ಟೆ ಕಟ್ಟಿತು, ವಾಕರಿಕೆ ಬಂತು. ನಾನು ಓಕರಿಸಿದ ಸದ್ದು ಪಕ್ಕದ ಮನೆಗೆ ಕೇಳಿಸಿದ ದಿನ ಮತ್ತೆ ಗುಸುಗುಸು ಎದ್ದಿತು. ನಿಂಬೆಹಣ್ಣಿನ ಪಾನಕದ ಜೊತೆ ಮಾತ್ರೆ, ಹಿಂದೆ ಮುಂದೆ ಕಾಫಿ ಇಲ್ಲ. ಸುತ್ತ ನಾಲ್ಕೂ ದಿಕ್ಕಿಗೆ ಕಾಫಿ ತೋಟ ಇಟ್ಟುಕೊಂಡು ಕಾಫಿ ಬಿಡೋದು ಅಂದ್ರೆ ಏನು ಅಂತ ನಮ್ಮೂರವರಿಗಷ್ಟೇ ಗೊತ್ತು.

ಮೊದಲು ಹೋದದ್ದು ಬಳಪದ ಆಸೆ. ಶಾಲೆಗೆ ಮರಳಿದ ಮೇಲೆ ಆಟದ ಕೋಣೆಯಲ್ಲಿ ಒಂದು ಹಳೇ ಚೂರು ಸಿಕ್ಕಿತು. ಮೂಸಿದೆ. ಬರೀ ಬಳಪ, ಇನ್ನೇನೂ ಅಲ್ಲ. ಅದನ್ನ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತೆ, ನನಗೆ ಹೆದರಿಕೆಯಾಗಿತ್ತು. ಇದು ಹೋಯಿತು ಅಂದರೆ ಇನ್ನೊಂದೂ ಹೋಗಿರಬಹುದು.

ಹೋಗಿ ನೋಡಬಹುದಿತ್ತು, ಆದರೆ ಕಾಲು ಏಳಲಿಲ್ಲ, ಈ ಸಲ ನಾಚಿಕೆಗೆ. ಸುಗ್ಗಿಗೆ ಕಾಫಿ ಹಣ್ಣಾಗುವ ಹೊತ್ತಿಗೆ ಮಕ್ಕಳ ಜೊತೆ ಗ್ರೌಂಡಿನ ಸುತ್ತು ಹಾಕತೊಡಗಿದ್ದೆ. ತೊಡೆಯ ಉರಿ ದಿನ ದಿನಕ್ಕೆ ತಡವಾಗಿ ಬರತೊಡಗಿತು. ಒಂದು ಬೆಳಗ್ಗೆ ಬರಲೇ ಇಲ್ಲ. ಪುಷ್ಪಾ ಸ್ಟಾಫ್ ರೂಮಿನ ಕಿಟಕಿಯಿಂದ ನೋಡುತ್ತಿದ್ದಳು. "ಇಲ್ಲೇ ಸುತ್ತು ಹಾಕ್ತಿರ್ತೀಯಾ, ಇಲ್ಲ ಎಲ್ಲಿಗಾದ್ರೂ ಹೋಗ್ತೀಯಾ?" ಅಂದಳು.

ಮಧ್ಯಾಹ್ನ ಏರಿನ ಬುಡಕ್ಕೆ ಬಂದೆ. ಓಡಿದೆ. ಮೋರಿ ಬಂತು, ಹೋಯಿತು. ಲೇಸ್ ಬಿಗಿಯಾಗಿತ್ತು. ಉಸಿರು ಜೋರಾಯಿತು, ಆದರೆ ಕರೆದಷ್ಟೂ ಗಾಳಿ ಬಂತು, ಕಾಲು ಹೇಳಿದ ಮಾತು ಕೇಳಿತು. ಮೇಲೆ ಬಂದು ಅಂಗಡಿಯ ಈಚೆ ನಿಂತು, ಮಕ್ಕಳಿಗೆ ಹೇಳಿಕೊಡುವ ಹಾಗೆ ನಾಡಿ ಹಿಡಿದು ನೋಡಿಕೊಂಡೆ. ನಿಧಾನವಾಗಿ ಇಳಿಯುತ್ತಿತ್ತು. ಪೂರ್ತಿ ಇಳಿದ ಮೇಲೆ ಒಳಗೆ ಹೋದೆ.

ಅಭಿಲಾಷ್ ಗಮ್‌ಬೂಟುಗಳನ್ನ ಜೋಡಿಸುತ್ತಿದ್ದ. ತಿರುಗಿ ನೋಡಿದ. ಎಡಗಡೆ ಹುಬ್ಬು ಮೇಲೆ ಹೋಗಲು ನೋಡಿತು, ಧೈರ್ಯ ಸಾಲದೆ ಇಳಿಯಿತು.

ಡವಡವ. ಕಿವಿಯೊಳಗೂ ಅದೇ ಸದ್ದು.

"ಏನ್ ಕೊಡ್ಲಿ ಮಿಸ್?"

ಮಾತು ಹೊರಡಲಿಲ್ಲ. ಸುಮ್ಮನೆ ಬೆಳಕಿಗೆ ಮುಖ ತಿರುಗಿಸಿ ಕೆಳರೆಪ್ಪೆ ಎಳೆದೆ. ಅವನು ಕೈಯನ್ನ ಶರ್ಟಿಗೆ ಒರೆಸಿಕೊಂಡು ಹತ್ತಿರ ಬಂದ, ಬಗ್ಗಿದ, ಬೇಕಾದ್ದಕ್ಕಿಂತ ತುಂಬಾ ಹೊತ್ತು ನೋಡಿದ.

"ಕೆಂಪಗೈತೆ," ಅಂದ. ಅವನ ದನಿ ಸಣ್ಣಗಾಗಿತ್ತು.

"ಏರು ಓಡಿ ಬಂದೆ. ಎಲ್ಲೂ ನಿಲ್ಲಲಿಲ್ಲ. ಎದೆ ಏನೂ ಅನ್ನಲಿಲ್ಲ." ಉಸಿರು ಎಳೆದುಕೊಂಡೆ, ಈ ಸಲ ಧೈರ್ಯಕ್ಕೆ. "ನಿಮ್ಮ ಮುಖ ನೋಡಿದ ಮೇಲೆ ಶುರುವಾಯ್ತು ನೋಡಿ. ಡಾಕ್ಟ್ರು ಎಲ್ಲ ಹೋಗುತ್ತೆ ಅಂದಿದ್ರು. ಇದೊಂದು ಹೋಗಿಲ್ಲ."

ಅವನು ಸ್ಟೂಲ್ ಹತ್ತಿ, ಮೇಲಿನ ಹಲಗೆಯ ಮೂಲೆಯಿಂದ ಒಂದು ಬಾಕ್ಸ್ ತೆಗೆದು ಕೌಂಟರ್ ಮೇಲಿಟ್ಟ. ಬಳಪ.

"ಎಲ್ಲ ಅಂಗನವಾಡಿಗೆ ಕೊಟ್ಬುಟ್ಟೆ. ಇದೊಂದ್ ಇಟ್ಕಂಡಿದ್ದೆ." ತಲೆ ಬಗ್ಗಿಸಿದ. "ನನ್ನ ನೋಡಕ್ಕೆ ಬರ್ದಿದ್ರೂ ಇದಕ್ಕಾದ್ರೂ ಬಂದೀರೇನೋ ಅಂತ. ನಿಮ್ಗೆ ಆಗ್ಬರಲ್ಲ ಅಂತ ಗೊತ್ತಿದ್ದೂ ಇಟ್ಕಂಡಿದ್ದೆ. ನೆನೆಸ್ಕಂಡ್ರೆ ನಾಚ್ಕೆ ಆಯ್ತದೆ ಮಿಸ್."

ಅಲ್ಲಿಯವರೆಗೆ ನಾಚಿಕೆ ಅಂದರೆ ನನ್ನ ಒಬ್ಬಳ ಆಸ್ತಿ ಅಂದುಕೊಂಡಿದ್ದೆ. ಅವನೂ ಅಷ್ಟೇ ಇಟ್ಟುಕೊಂಡಿದ್ದಾನೆ ಅಂತ ಕಂಡಾಗ ನನ್ನದು ಹಗುರಾಯಿತು. ಬಾಕ್ಸ್ ಎತ್ತಿ ಬ್ಯಾಗಿಗೆ ಹಾಕಿಕೊಂಡೆ.

"ಮಿಸ್," ಅಂದ ಗಾಬರಿಯಿಂದ.

"ಗೆರೆ ಎಳೆಯೋಕೆ. ಅಂಗಳದ ಪೇಂಟ್ ಅಳಿಸಿಹೋಗಿದೆ. ಈ ಸಲ ನಿಜ. ಮತ್ತೆ ಮಿಸ್ ಅನ್ನೋದು ಬಿಡಿ, ರಶ್ಮಿತಾ ಅನ್ನಿ."

"ರಶ್ಮಿತಾ," ಅಂದ, ಹೊಸ ಸಾಮಾನಿನ ಬೆಲೆ ಹೇಳುವಾಗಿನ ಅನುಮಾನದಲ್ಲಿ. ಈ ಸಲ ಹುಬ್ಬು ಮೇಲೆ ಹೋಯಿತು, ನಗುವೂ ಬಂತು. ಅಭ್ಯಾಸಬಲದಿಂದ ಫ್ಲಾಸ್ಕಿಗೆ ಕೈ ಹಾಕಿ, ಏನೋ ನೆನಪಾಗಿ ಹಾಗೇ ನಿಲ್ಲಿಸಿದ. "ಕಾಫಿ ಕೊಡ್ಬೌದಾ ನಿಮ್ಗೆ?"

"ಈಗ ತಾನೇ ಮಾತ್ರೆ ನುಂಗಿ ಬಂದಿದ್ದೀನಿ. ಇನ್ನೂ ಎರಡು ಗಂಟೆ ಕಾಯ್ಬೇಕು."

ಅವನು ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿದ. ಸ್ಟೂಲನ್ನ ಒರೆಸಿ ಈಚೆ ಇಟ್ಟ.

"ಕಾಯೋಣ ಬಿಡಿ," ಅಂದ. "ಕೂತ್ಕಳಿ."

ನನಗೆ ಸುಸ್ತೇನೂ ಆಗಿರಲಿಲ್ಲ. ಆದರೂ ಕೂತೆ.